ಫಾರ್ಮುಲಾ ಒನ್ ಹೊಸ ಕ್ವಾಲಿಫೈಯಿಂಗ್: ನಿಮಗೆ ಏನನಿಸಿತು?

ಬಳ್ಳಾರಿಕೋಟೆ
ಮಾರ್ಚ್ 19, 2016, ಮಧ್ಯಾಹ್ನ

ಈಗಷ್ಟೇ ಮೆಲ್ಬರ್ನ್ ಕ್ವಾಲಿಫೈಯಿಂಗ್, ಅಂದರೆ ನಾಳಿನ ಕಾರ್ ರೇಸಿನಲ್ಲಿ ಯಾರು ಎಷ್ಟನೇ ಜಾಗದಿಂದ ಹೊರಡಬೇಕು ಅಂತ ತೀರ್ಮಾನಿಸುವ ಓಟ, ಮುಗಿಯಿತು. ತುಂಬಾ ಬೇಜಾರಾಗಿದೆ. ಊಟಕ್ಕೂ ಏಳದೆ ಬರೆಯುತ್ತಾ ಕೂತಿದ್ದೇನೆ.

ನಮ್ಮದು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಘಟಕ. ಹನ್ನೆರಡು ಮಿಷಿನ್ ಇವೆ, ಗೋಡೆಗೆ ಒಂದು ಟಿವಿ ಇದೆ. ಶನಿವಾರ ಕ್ವಾಲಿಫೈಯಿಂಗ್ ಇದ್ದರೆ ಅದು ಓಡುತ್ತಿರುತ್ತದೆ, ಹುಡುಗರು ಹೊಲಿಯುತ್ತಲೇ ಒಂದು ಕಣ್ಣು ಅತ್ತ ಇಟ್ಟಿರುತ್ತಾರೆ. ಮಿಷಿನ್ ಸದ್ದಿನಲ್ಲಿ ಕಾಮೆಂಟರಿ ಕೇಳುವುದಿಲ್ಲ, ಹಾಗಾಗಿ ಪರದೆಯ ಎಡಗಡೆ ಬರುವ ಹೆಸರುಗಳ ಪಟ್ಟಿಯನ್ನೇ ನೋಡುತ್ತೇವೆ. ಅದರ ಮೂರನೇ, ಕೊನೆಯ ಭಾಗವಾದ ಕ್ಯೂ3ರ ಕೊನೆಯ ಎರಡು ನಿಮಿಷ ಬಂತು ಅಂದರೆ ಎಲ್ಲ ಮಿಷಿನ್ ನಿಲ್ಲಿಸುವುದು ನಮ್ಮಲ್ಲಿ ರೂಢಿ. ಯಾರೂ ಹೇಳಬೇಕಿಲ್ಲ. ತಾನಾಗಿಯೇ ಒಂದೊಂದು ನಿಲ್ಲುತ್ತವೆ. ಕೊನೆಯ ಸುತ್ತಿಗೆ ಹತ್ತೂ ಕಾರು ಹೊರಟಿರುತ್ತವೆ, ಸುತ್ತಿನ ಮೊದಲ ಸೆಕ್ಟರ್‌ಗೆ (ಭಾಗಕ್ಕೆ) ಎಲ್ಲರಿಗಿಂತ ವೇಗ ಅನ್ನುವ ನೇರಳೆ ಬಣ್ಣ ಬಂತಾ, ಎರಡನೆಯದಕ್ಕೆ ತನ್ನದೇ ಹಿಂದಿನದಕ್ಕಿಂತ ವೇಗ ಅನ್ನುವ ಹಸಿರಾ, ಬಾವುಟ ಬಿದ್ದ ಮೇಲೂ ಯಾರು ಬರುತ್ತಿದ್ದಾರೆ, ಆ ಎರಡು ನಿಮಿಷಕ್ಕೆ ನಾವು ವಾರವಿಡೀ ಕಾಯುತ್ತೇವೆ.

ಇವತ್ತೂ ನಿಲ್ಲಿಸಿದೆವು. ಟ್ರ್ಯಾಕ್ ಖಾಲಿ. ಮರ್ಸಿಡಿಸ್‌ನ ಹ್ಯಾಮಿಲ್ಟನ್ 1:23.837 ಹೊಡೆದು ಮುಗಿಸಿಯಾಗಿತ್ತು, ಅದೇ ತಂಡದ ರೋಸ್‌ಬರ್ಗ್ ಎರಡನೆಯವನು, ಫೆರಾರಿಯ ವೆಟೆಲ್ ಕಾರಿನಿಂದ ಇಳಿದೇ ಬಿಟ್ಟಿದ್ದ. ಕೊನೆಯ ಮೂರು ನಿಮಿಷ ಒಂದೇ ಒಂದು ಕಾರು ಇಲ್ಲ. ಯಾರೂ ಇಲ್ಲದ ರಸ್ತೆಗೆ ಚೆಕ್ಕರ್ ಬಾವುಟ ಬೀಸಿದರು. ಬಟನ್‌ಹೋಲ್ ಮಾಡುವ ಹುಡುಗ ನನ್ನ ಮುಖ ನೋಡಿ, 'ಅಣ್ಣಾ, ಮುಗೀತಾ?' ಅಂದ. ಹೌದು ಅನ್ನಲು ನನಗೇ ಬಾಯಿ ಬರಲಿಲ್ಲ.

ಇದು ಹ್ಯಾಮಿಲ್ಟನ್‌ನ 50ನೇ ಪೋಲ್, ಅಂದರೆ ಮೊದಲ ಜಾಗ! ಅಂಥ ದಿನ ಹೀಗಾಗಬೇಕಾ? ನೀವೆಲ್ಲ ಏನು ಹೇಳುತ್ತೀರಿ?


ಗ್ಯಾರೇಜ್ಅಣ್ಣ
ಮಾರ್ಚ್ 19, 2016

ನಾನೂ ನೋಡಿದೆ. ಕೌಲ್ ಬಜಾರ್‌ನಲ್ಲಿ ನನ್ನ ಗ್ಯಾರೇಜು, ಬೋನೆಟ್ ತೆಗೆದಿಟ್ಟು ಫೋನಿನಲ್ಲಿ ನೋಡಿದೆ. ನಿನ್ನ ಸಿಟ್ಟು ಸರಿ ಇದೆ ತಮ್ಮಾ.


ಮಾನ್ವಿಹುಡುಗ
ಮಾರ್ಚ್ 19, 2016

ನಾನು ಹೋದ ವರ್ಷದಿಂದ ನೋಡ್ತಾ ಇದೀನಿ. ಈ ಸಲದ ನಿಯಮ ನನಗೆ ಪೂರ್ತಿ ಅರ್ಥ ಆಗಲಿಲ್ಲ. ಯಾರಾದರೂ ಬಿಡಿಸಿ ಹೇಳುತ್ತೀರಾ? ಕ್ವ್ಯಾಟ್ ಯಾಕೆ ಅಷ್ಟು ಬೇಗ ಹೋದ?


ಕುಷ್ಟಗಿಮೇಷ್ಟ್ರು
ಮಾರ್ಚ್ 19, 2016

ಹೇಳುತ್ತೇನೆ ಕೇಳಪ್ಪ.

ಹೋದ ವರ್ಷದವರೆಗೆ ಏನಿತ್ತು? ಕ್ಯೂ1 18 ನಿಮಿಷ, ಕ್ಯೂ2 15 ನಿಮಿಷ, ಕ್ಯೂ3 12 ನಿಮಿಷ. ಪ್ರತಿ ಭಾಗದ ಕೊನೆಯಲ್ಲಿ ಪಟ್ಟಿಯಲ್ಲಿ ಕೆಳಗಿದ್ದವರು ಮನೆಗೆ. ಹೋಗುವುದು ಭಾಗ ಮುಗಿದ ಮೇಲೆ. ಬಾವುಟ ಬೀಳುವವರೆಗೂ ನಿನಗೆ ಅವಕಾಶ ಇರುತ್ತಿತ್ತು.

ಈ ವರ್ಷ ಹಾಸ್ ತಂಡ ಬಂದು ಕಾರು 22 ಆದವು. ಜೊತೆಗೆ ನಿಯಮವನ್ನೂ ಬದಲಿಸಿದರು. ಈಗ ಕ್ಯೂ1 16 ನಿಮಿಷ. ಮೊದಲ 7 ನಿಮಿಷ ಎಲ್ಲರೂ ಓಡಬಹುದು. 7 ನಿಮಿಷ ಆದ ತಕ್ಷಣ ಪಟ್ಟಿಯ ಕೊನೆಯವನು ಹೊರಗೆ. ಅಲ್ಲಿಂದ ಪ್ರತಿ 90 ಸೆಕೆಂಡಿಗೆ ಒಬ್ಬ. ಹಾಗೆ ಏಳು ಜನ ಹೋಗಿ 15 ಜನ ಉಳಿಯುತ್ತಾರೆ. ಕ್ಯೂ2 15 ನಿಮಿಷ, 6 ನಿಮಿಷದಿಂದ ಕಡಿತ ಶುರು, ಮತ್ತೆ ಏಳು ಜನ ಹೊರಗೆ. ಉಳಿದ ಎಂಟು ಜನ ಕ್ಯೂ3ಕ್ಕೆ. ಅದು 14 ನಿಮಿಷ, 5 ನಿಮಿಷದಿಂದ ಕಡಿತ. ಕೊನೆಯ 90 ಸೆಕೆಂಡಿಗೆ ಇಬ್ಬರೇ ಉಳಿದು ಪೋಲ್‌ಗಾಗಿ ಬಡಿದಾಡಬೇಕು. ಕಾಗದದ ಮೇಲೆ ನೋಡಿದರೆ ಬಹಳ ಚೆಂದ.

ಕ್ವ್ಯಾಟ್ ವಿಷಯ ಅಂದರೆ, ಅವನ ಒಳ್ಳೆಯ ಸುತ್ತು ಬೇಕಾದ ಹೊತ್ತಿಗೆ ಬರಲಿಲ್ಲ. ರೆಡ್ ಬುಲ್ ಕಾರಿನಲ್ಲಿ 18ನೇ ಸ್ಥಾನ. ಮಾಮೂಲಿ ನಿಯಮ ಇದ್ದಿದ್ದರೆ ಇನ್ನೊಂದು ಪ್ರಯತ್ನ ಮಾಡುತ್ತಿದ್ದ.


ಮಾನ್ವಿಹುಡುಗ
ಮಾರ್ಚ್ 19, 2016

ಈಗ ತಿಳೀತು ಸರ್, ಥ್ಯಾಂಕ್ಸ್. ಆದರೆ ಹಾಗಿದ್ದರೆ ಕೊನೆಗೆ ಯಾಕೆ ಯಾರೂ ಬರಲಿಲ್ಲ? ಎರಡನೇ ಸ್ಥಾನದವನು ಪೋಲ್‌ಗೆ ಹೊರಡಬೇಕಲ್ವಾ?


ಗ್ಯಾರೇಜ್ಅಣ್ಣ
ಮಾರ್ಚ್ 19, 2016

ಇದಕ್ಕೆ ನಾನು ಉತ್ತರ ಕೊಡುತ್ತೇನೆ, ಟೈರಿನ ವಿಷಯ ಇದು.

ಒಬ್ಬ ಚಾಲಕನಿಗೆ ಇಡೀ ವಾರಾಂತ್ಯಕ್ಕೆ ಸಿಗುವುದು 13 ಸೆಟ್ ಟೈರು. ಅದರಲ್ಲೂ ಅತಿ ಮೆತ್ತನೆಯ ಸೂಪರ್‌ಸಾಫ್ಟ್ ಕೆಲವೇ. ಆ ಟೈರು ಒಂದು ಸುತ್ತಿಗೆ ಬೆಂಕಿ ಹಾಗೆ ಇರುತ್ತದೆ, ಎರಡನೇ ಸುತ್ತಿಗೆ ಅದರ ಹಿಡಿತ ಇಳಿದುಹೋಗುತ್ತದೆ. ಹೊಸ ನಿಯಮದಲ್ಲಿ ಮೊದಲ ಐದಾರು ನಿಮಿಷದಲ್ಲೇ ಸಮಯ ಹಾಕಲೇಬೇಕು, ಇಲ್ಲದಿದ್ದರೆ ಹೊರಗೆ. ಹಾಗಾಗಿ ಎಲ್ಲರೂ ಒಳ್ಳೆಯ ಟೈರನ್ನು ಮೊದಲೇ ಸುಟ್ಟುಕೊಂಡರು. ಕ್ಯೂ3ರ ಕೊನೆಗೆ ಹೊಸ ಸೆಟ್ ಎಲ್ಲಿಂದ ಬರಬೇಕು? ಇದ್ದ ಒಂದನ್ನು ಫೆರಾರಿಯವರು ನಾಳೆ ರೇಸಿಗೆ ಅಂತ ಎತ್ತಿಟ್ಟರು. ಅವರನ್ನು ದೂರಲಾಗದು. ನಾನಾದರೂ ಅದನ್ನೇ ಮಾಡುತ್ತಿದ್ದೆ.

ಇನ್ನೊಂದು ಲೆಕ್ಕ ನೋಡು. ಮೆಲ್ಬರ್ನ್‌ನ ಆಲ್ಬರ್ಟ್ ಪಾರ್ಕ್ ಟ್ರ್ಯಾಕ್ ಒಂದು ಸುತ್ತು 5.303 ಕಿಲೋಮೀಟರ್. ವೇಗದ ಸುತ್ತಿಗೇ ಸುಮಾರು 84, 85 ಸೆಕೆಂಡು ಬೇಕು. ಅದಕ್ಕೆ ಮೊದಲು ಪಿಟ್‌ನಿಂದ (ತಂಡದ ಗ್ಯಾರೇಜು ಇರುವ ಜಾಗ) ಹೊರಟು, ಟೈರು ಬ್ರೇಕು ಬಿಸಿ ಮಾಡಿಕೊಳ್ಳುತ್ತಾ ಒಂದು ಪೂರ್ತಿ ಸುತ್ತು ಬರಬೇಕು. ಈಗ ನೀನು ಗ್ಯಾರೇಜಿನಲ್ಲಿ ಕೂತಿದ್ದೀಯ, ಯಾರೋ ನಿನ್ನನ್ನು ದಾಟಿದ, ನಿನ್ನ ಹೆಸರು ಕೊನೆಗೆ ಬಂತು, 90 ಸೆಕೆಂಡು ಎಣಿಕೆ ಶುರುವಾಯಿತು. ಎಷ್ಟು ಬೇಗ ಹೊರಟರೂ ಮುಟ್ಟುವುದಿಲ್ಲ! ಹೊರಟು ಅರ್ಧ ದಾರಿಯಲ್ಲಿರುವಾಗ ಎಣಿಕೆ ಮುಗಿದರೆ ಆ ಸುತ್ತು ಲೆಕ್ಕಕ್ಕೇ ಇಲ್ಲ. ನಾನು ಇವತ್ತು ನೋಡಿದ್ದೇ ಅದು. ಕಾರು ಕೊನೆಯ ತಿರುವಿನ ಕಡೆ ಓಡಿ ಬರುತ್ತಿದೆ, ಪಟ್ಟಿಯಲ್ಲಿ ಅವನ ಹೆಸರು ಆಗಲೇ ಮಂಕಾಗಿದೆ.

ಲಾರಿ ಟೈರು ರೀಸೋಲ್ ಮಾಡಿಸಿಕೊಂಡು ಅದಿರು ಹೊಡೆದ ಊರು ನಮ್ಮದು. ಟೈರು ಎಷ್ಟು ಓಡುತ್ತದೆ ಅನ್ನುವುದನ್ನು ನೋಡಿ ಕೆಲಸ ಒಪ್ಪಿಕೊಳ್ಳುತ್ತೇವೆ. ನಿಯಮ ಬರೆದವರು ಅದೊಂದನ್ನು ಮೊದಲು ನೋಡಬೇಕಿತ್ತು.


ಸಿಂಧನೂರುವೇಗ
ಮಾರ್ಚ್ 19, 2016, ಸಂಜೆ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಯಾರೂ ತಪ್ಪು ತಿಳಿಯಬೇಡಿ.

ಕ್ಯೂ1 ಮೊದಲ ಒಂಬತ್ತು ಹತ್ತು ನಿಮಿಷ ನನಗೆ ನಿಜಕ್ಕೂ ಇಷ್ಟವಾಯಿತು. ಶುರುವಾದ ಕೂಡಲೇ ಎಲ್ಲ ಕಾರು ಹೊರಗೆ ಬಂದವು. ಹಳೆಯ ಪದ್ಧತಿಯಲ್ಲಿ ಮೊದಲ ಐದು ನಿಮಿಷ ಯಾರು ಬರುತ್ತಿದ್ದರು ಹೇಳಿ? ದೊಡ್ಡ ತಂಡಗಳು ಒಳಗೇ ಕೂತಿರುತ್ತಿದ್ದವು. ಎರಡು ವರ್ಷದಿಂದ ಮರ್ಸಿಡಿಸ್ ಬಿಟ್ಟು ಬೇರೆಯವರು ಪೋಲ್ ಹತ್ತಿರಕ್ಕೆ ಬರುವುದೇ ಅಪರೂಪ. ಏನಾದರೂ ಏರುಪೇರು ಆಗಲಿ, ದೊಡ್ಡವರು ಹಿಂದೆ ಬೀಳಲಿ, ಭಾನುವಾರ ರೇಸು ರಂಗೇರಲಿ ಅಂತ ಈ ನಿಯಮ ತಂದಿದ್ದಾರೆ. ಒಂದೇ ಸಲ ನೋಡಿ ಬಿಸಾಡುವುದು ಬೇಡ. ಕ್ಯೂ1 ಹೀಗೇ ಇರಲಿ, ಕ್ಯೂ3 ಮಾತ್ರ ಹಳೆಯದಾಗಲಿ. ಇದು ನನ್ನ ಅಭಿಪ್ರಾಯ.

ಈಗ ಎದ್ದೆ, ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ಮ್ಯಾಚ್ ಶುರುವಾಗುತ್ತದೆ.


ಬಳ್ಳಾರಿಕೋಟೆ
ಮಾರ್ಚ್ 19, 2016, ರಾತ್ರಿ

ಮ್ಯಾಚ್ ಗೆದ್ದೆವು, ಮನಸ್ಸು ಸ್ವಲ್ಪ ಹಗುರಾಯಿತು.

ಸಿಂಧನೂರು ಅಣ್ಣ, ನಿಮ್ಮ ಮಾತಲ್ಲಿ ಅರ್ಧ ಒಪ್ಪುತ್ತೇನೆ. ಶುರುವಿನಲ್ಲಿ ಗಡಿಬಿಡಿ ಇತ್ತು ನಿಜ. ಆದರೆ ಹಾಗೆ ಗಡಿಬಿಡಿಯಲ್ಲಿ ಹೋದವರು ಯಾರು ನೋಡಿ. ವೆರ್ಲೈನ್, ಹರ್ಯಾಂಟೊ, ಗುಟಿಯೆರೆಜ್, ಗ್ರೋಜಾನ್. ಮೇನರ್‌ನ ಇಬ್ಬರು, ಹಾಸ್‌ನ ಇಬ್ಬರು. ಹಾಸ್‌ಗೆ ಇದು ಮೊದಲ ಕ್ವಾಲಿಫೈಯಿಂಗ್. ದೊಡ್ಡವರು ಹಿಂದೆ ಬೀಳಲಿ ಅಂತ ತಂದ ನಿಯಮ ಮೊದಲು ನುಂಗಿದ್ದು ಚಿಕ್ಕವರನ್ನೇ. ಪಿಟ್‌ನಲ್ಲಿ ಕೈಚಳಕ ಇನ್ನೂ ಕೂಡದ ಹೊಸ ತಂಡಕ್ಕೆ ಇನ್ನೊಂದು ನಿಮಿಷ ಸಿಕ್ಕಿದ್ದರೆ ಏನೋ ಮಾಡುತ್ತಿದ್ದರು.

ಮೇಲೆ ನೋಡಿದರೆ ಮತ್ತೆ ಮರ್ಸಿಡಿಸ್ ಒಂದು ಎರಡು, ಫೆರಾರಿ ಮೂರು ನಾಲ್ಕು. ಏರುಪೇರು ಎಲ್ಲಿ ಆಯಿತು?


ಹೊಸಪೇಟೆಹುಡುಗಿ
ಮಾರ್ಚ್ 20, 2016, ಬೆಳಿಗ್ಗೆ

ಐದನೇ ಜಾಗದಲ್ಲಿ ವರ್ಸ್ಟಾಪೆನ್ ಇದ್ದಾನಲ್ಲ, ಟೊರೊ ರೊಸ್ಸೊ ಕಾರಿನಲ್ಲಿ! 18 ವರ್ಷ ಅವನಿಗೆ. ನೀವೆಲ್ಲ ಬೇಜಾರಿನಲ್ಲಿ ಅವನನ್ನು ಮರೆತೇ ಬಿಟ್ಟಿರಿ.

ನಾನು 2009ರಿಂದ ನೋಡುತ್ತಿದ್ದೇನೆ. ಆ ವರ್ಷ ಸ್ಪಾದಲ್ಲಿ ಫಿಸಿಕೆಲ್ಲಾ ಫೋರ್ಸ್ ಇಂಡಿಯಾ ಕಾರಿನಲ್ಲಿ ಪೋಲ್ ಹೊಡೆದ. ನಾನಾಗ ಪಿಯುಸಿ. ನಮ್ಮಪ್ಪನಿಗೆ ಏನೂ ಗೊತ್ತಿಲ್ಲ, ಟಿವಿಯಲ್ಲಿ ಇಂಡಿಯಾ ಅಂತ ಹೆಸರು ಮೇಲೆ ಬಂದಿದ್ದು ನೋಡಿ ಎದ್ದು ನಿಂತುಬಿಟ್ಟರು. ಮಾರನೇ ದಿನ ರೇಸಿನಲ್ಲಿ ಎರಡನೇ ಸ್ಥಾನ, ರೈಕೊನೆನ್ ಹಿಂದೆಯೇ. ಅದಾಗಿದ್ದು ಹಳೆಯ ಕ್ಯೂ1, ಕ್ಯೂ2, ಕ್ಯೂ3 ಪದ್ಧತಿಯಲ್ಲೇ. ಅದಕ್ಕೂ ಹಿಂದಿನ ವರ್ಷ ಮೊಂಜಾದಲ್ಲಿ ಮಳೆ ಬಂದು ವೆಟೆಲ್ ಟೊರೊ ರೊಸ್ಸೊದಲ್ಲಿ ಪೋಲ್ ಹೊಡೆದು ರೇಸನ್ನೂ ಗೆದ್ದಿದ್ದ. ಸಣ್ಣ ತಂಡ ಮುಂದೆ ಬರಲು 90 ಸೆಕೆಂಡಿನ ಗಡಿಯಾರ ಬೇಕಾಗಿರಲಿಲ್ಲ. ಪೂರ್ತಿ ಅವಕಾಶ ಕೊಟ್ಟರೆ ಸಾಕಿತ್ತು.


ಗ್ಯಾರೇಜ್ಅಣ್ಣ
ಮಾರ್ಚ್ 20, 2016

ಭೇಷ್ ತಂಗಿ.


ಶಕ್ತಿನಗರ
ಮಾರ್ಚ್ 20, 2016, ಮಧ್ಯಾಹ್ನ

ರಾತ್ರಿ ಪಾಳಿ ಮುಗಿಸಿ ಬಂದು ಮಲಗದೆ ರೇಸು ನೋಡಿದೆ. ಏನು ರೇಸು ರೀ! ಹೊರಟ ಕೂಡಲೇ ಎರಡೂ ಫೆರಾರಿ ಮುಂದೆ. ಅಲೊನ್ಸೊ ಗುಟಿಯೆರೆಜ್ ಕಾರಿಗೆ ತಾಗಿ ಪಲ್ಟಿ ಹೊಡೆದಾಗ ನನ್ನ ಎದೆ ಧಸಕ್ ಅಂತು. ಅವನು ಕಾರಿನಿಂದ ತೆವಳಿ ಹೊರಗೆ ಬಂದು ನಿಂತಿದ್ದನ್ನು ಕಂಡ ಮೇಲೇ ಉಸಿರು ಬಿಟ್ಟೆ. ರೋಸ್‌ಬರ್ಗ್ ಗೆದ್ದ. ಗ್ರೋಜಾನ್ ಆರನೆಯವನು, ಹಾಸ್‌ಗೆ ಮೊದಲ ರೇಸಿನಲ್ಲೇ ಅಂಕ! ನಿನ್ನೆ ಕ್ಯೂ1ರಲ್ಲಿ ಕತ್ತರಿಸಿ ಎಸೆದವನೇ ಇವನು.

ಈಗ ಕ್ವಾಲಿಫೈಯಿಂಗ್ ವಿಷಯ. ನಾನು ರಾಯಚೂರಿನವನು, ಅದಕ್ಕೇ ನನಗೆ ಕಾರ ಹುಣ್ಣಿಮೆ ನೆನಪಾಗುತ್ತದೆ. ನಮ್ಮಲ್ಲಿ ಮುಂಗಾರು ಹಬ್ಬದಲ್ಲಿ ಎತ್ತುಗಳ ಕಲ್ಲು ಎಳೆಯುವ ಸ್ಪರ್ಧೆ ನಡೆಯುತ್ತದೆ, ಗೊತ್ತಲ್ಲ. ಆಂಧ್ರ, ತೆಲಂಗಾಣದಿಂದಲೂ ಜೋಡಿ ಬರುತ್ತವೆ. ಟನ್ನುಗಟ್ಟಲೆ ತೂಕದ ಕಲ್ಲನ್ನು ಹಗ್ಗ ಕಟ್ಟಿ ಎಳೆಸುತ್ತಾರೆ. ಪ್ರತಿ ಜೋಡಿಗೂ ಒಂದೇ ಸಮಯ. ಆ ಸಮಯದಲ್ಲಿ ಎಷ್ಟು ದೂರ ಎಳೆದವೋ ಟೇಪ್ ಹಿಡಿದು ಅಳೆಯುತ್ತಾರೆ. ಹೋದ ವರ್ಷ ನಾನು ಹಗ್ಗದ ಪಕ್ಕದಲ್ಲೇ ನಿಂತಿದ್ದೆ. ಒಂದು ಜೋಡಿ ಅರ್ಧಕ್ಕೇ ನಿಂತುಬಿಟ್ಟಿತು. ಎಡಗಡೆ ಎತ್ತು ಮುಂಗಾಲು ಮಡಚಿತು. ಮೂಗಿನ ಹೊಳ್ಳೆ ಅಗಲವಾಗಿ ನೊರೆ ಇಳಿಯುತ್ತಿತ್ತು. ಜನ ಮುಗೀತು ಅಂದುಕೊಂಡು ಮುಂದಿನ ಜೋಡಿ ಕಡೆ ತಿರುಗಿದರು. ಯಜಮಾನ ಹೊಡೆಯಲಿಲ್ಲ, ಬೈಯಲಿಲ್ಲ. ಮುಂದೆ ಹೋಗಿ ಅದರ ಹಣೆ ಸವರಿ ಕಿವಿಯಲ್ಲಿ ಏನೋ ಅಂದ. ಸಮಯ ಇನ್ನೂ ಇತ್ತು. ಎತ್ತು ಎದ್ದಿತು. ಎದ್ದ ಮೇಲೆ ಆ ಕಲ್ಲು ಸರಿದ ಸದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಬಹುಮಾನ ಬರಲಿಲ್ಲ ಆ ಜೋಡಿಗೆ. ಆದರೆ ಆ ದಿನ ಮನೆಗೆ ಹೋಗುವಾಗ ಎಲ್ಲರ ಬಾಯಲ್ಲೂ ಅದೇ ಜೋಡಿಯ ಮಾತು.

ನಡುವೆ ಒಬ್ಬ ಬಂದು 'ನೀನು ಹಿಂದೆ ಬಿದ್ದಿದ್ದೀಯ, ಹಗ್ಗ ಬಿಚ್ಚು' ಅಂದಿದ್ದರೆ? ಕೊಟ್ಟ ಸಮಯ ಪೂರ್ತಿ ಅವನದು. ಅದನ್ನು ಕಿತ್ತುಕೊಳ್ಳಬಾರದು. ಈ ಹೊಸ ನಿಯಮ ಕಿತ್ತುಕೊಳ್ಳುವುದು ಅದನ್ನೇ.


ಬಳ್ಳಾರಿಕೋಟೆ
ಮಾರ್ಚ್ 20, 2016

ಶಕ್ತಿನಗರ ಅಣ್ಣ, ನಿನ್ನೆಯಿಂದ ನಾನು ಹೇಳಲು ಒದ್ದಾಡುತ್ತಿದ್ದದ್ದು ಇದೇ. ಕೊನೆಯ ಕ್ಷಣದವರೆಗೆ ಉತ್ತರ ಕೊಡುವ ಅವಕಾಶ ಇರಬೇಕು.


ಕೊಪ್ಪಳಗವಿ
ಮಾರ್ಚ್ 21, 2016

ತಂಡಗಳ ಮುಖ್ಯಸ್ಥರೇ ನಿನ್ನೆ ಬೆಳಿಗ್ಗೆ ಸೇರಿ ಇದು ಬೇಡ ಅಂದಿದ್ದಾರಂತೆ. ಮರ್ಸಿಡಿಸ್‌ನ ಟೊಟೊ ವೋಲ್ಫ್‌ಗೂ ಹಿಡಿಸಿಲ್ಲ. ಪೋಲ್ ಹೊಡೆದವರಿಗೇ ಹಿಡಿಸಿಲ್ಲ ಅಂದರೆ ಇನ್ನು ಯಾರಿಗೆ ಬೇಕು ಇದು? ಬಹರೇನ್‌ಗೆ ಹಳೆಯದೇ ಬರುತ್ತೆ ಅನ್ನಿಸುತ್ತದೆ.


ಸಿಂಧನೂರುವೇಗ
ಮಾರ್ಚ್ 21, 2016

ಕಲ್ಲು ಎಳೆಯುವ ಸ್ಪರ್ಧೆ ಹೋಲಿಕೆ ಚೆನ್ನಾಗಿದೆ ಶಕ್ತಿನಗರ. ಆದರೆ ಅಲ್ಲಿ ಒಂದು ಜೋಡಿ ಆದ ಮೇಲೆ ಇನ್ನೊಂದು ಅಲ್ವಾ? ಹಾಗಾದರೆ 2003ರಲ್ಲಿ ಇದ್ದ ಹಾಗೆ ಒಬ್ಬೊಬ್ಬರೇ ಬಂದು ಒಂದೊಂದು ಸುತ್ತು ಓಡಲಿ. ಎಲ್ಲರ ಮೇಲೂ ಕ್ಯಾಮೆರಾ ಇರುತ್ತದೆ, ಸಣ್ಣ ತಂಡದ ಚಾಲಕನೂ ಪೂರ್ತಿ ಒಂದು ಸುತ್ತು ಟಿವಿಯಲ್ಲಿ ಕಾಣುತ್ತಾನೆ. ಮೇಷ್ಟ್ರೇ, ನೀವು ಆ ಕಾಲ ನೋಡಿದವರು. ಹೇಗಿತ್ತು?


ಕುಷ್ಟಗಿಮೇಷ್ಟ್ರು
ಮಾರ್ಚ್ 22, 2016

ಒಳ್ಳೆಯ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಪರೀಕ್ಷೆ ಪೇಪರ್ ತಿದ್ದುವ ನಡುವೆ ಸಮಯ ಮಾಡಿಕೊಂಡಿದ್ದೇನೆ.

1996ರಿಂದ 2002ರವರೆಗೆ ಶನಿವಾರ ಒಂದು ಗಂಟೆ, ಒಬ್ಬರಿಗೆ 12 ಸುತ್ತು. ಯಾವಾಗ ಬೇಕಾದರೂ ಓಡಬಹುದು. ಅದರಲ್ಲಿ ಮೊದಲ ಇಪ್ಪತ್ತು ನಿಮಿಷ ದೊಡ್ಡ ತಂಡ ಯಾವುದೂ ಹೊರಗೆ ಬರುತ್ತಿರಲಿಲ್ಲ. ಸಣ್ಣ ತಂಡದವರು ಓಡಿ ರಸ್ತೆಯ ಧೂಳು ತೆಗೆಯಲಿ ಅಂತ ಕಾಯುತ್ತಿದ್ದರು. ಅದು ಅದರ ತೊಂದರೆ. ಆದರೆ ಕೊನೆಯ ಹತ್ತು ನಿಮಿಷ ಅಂದರೆ ಮೈ ಜುಂ ಅನ್ನುತ್ತಿತ್ತು. 1997ರಲ್ಲಿ ಹೆರೆಸ್‌ನಲ್ಲಿ ವಿಲ್ನವ್, ಶೂಮಾಕರ್, ಫ್ರೆಂಟ್ಜೆನ್ ಮೂವರದ್ದೂ 1:21.072! ಸಾವಿರದ ಒಂದು ಭಾಗ ಕೂಡ ವ್ಯತ್ಯಾಸ ಇಲ್ಲ. ಮೊದಲು ಹೊಡೆದದ್ದು ವಿಲ್ನವ್, ಅವನಿಗೆ ಪೋಲ್. ಪೇಪರಿನಲ್ಲಿ ಅಚ್ಚಿನ ತಪ್ಪು ಅಂದುಕೊಂಡಿದ್ದೆ ನಾನು.

2003ರಲ್ಲಿ ಒಬ್ಬೊಬ್ಬರೇ ಓಡುವ ಪದ್ಧತಿ ಬಂತು. ಸಿಂಧನೂರು ಹೇಳುವ ಒಳ್ಳೆಯತನ ಅದಕ್ಕೆ ಇತ್ತು. ಎಲ್ಲರನ್ನೂ ನೋಡಬಹುದಿತ್ತು. ಆದರೆ ಮಳೆ ಬಂದರೆ ಮುಗಿಯಿತು. 2005ರ ಸುಜುಕಾದಲ್ಲಿ ಕೊನೆಗೆ ಓಡಬೇಕಾದವರ ಮೇಲೆ ಮಳೆ ಸುರಿಯಿತು. ಶೂಮಾಕರ್, ಅಲೊನ್ಸೊ, ರೈಕೊನೆನ್ ಎಲ್ಲ ಹಿಂದೆ. ಮಾರನೇ ದಿನ ರೈಕೊನೆನ್ 17ನೇ ಜಾಗದಿಂದ ಹೊರಟು ಕೊನೆಯ ಸುತ್ತಿನಲ್ಲಿ ಫಿಸಿಕೆಲ್ಲಾನನ್ನು ದಾಟಿ ಗೆದ್ದ. ನಾನು ನೋಡಿದ ರೇಸುಗಳಲ್ಲೇ ಅದಕ್ಕೆ ಸಾಟಿ ಇಲ್ಲ. ಹಾಗಾಗಿ ಏರುಪೇರಿನ ಗ್ರಿಡ್ (ಕಾರು ಹೊರಡುವ ಸಾಲು) ಇದ್ದರೆ ರೇಸು ಚೆನ್ನಾಗಿರುತ್ತದೆ ಅನ್ನುವ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮಳೆ ತಂದ ಏರುಪೇರನ್ನು ಮನಸ್ಸು ಒಪ್ಪುತ್ತದೆ. ಗಡಿಯಾರ ತಂದದ್ದನ್ನು ಒಪ್ಪುವುದಿಲ್ಲ.

2005ರ ಶುರುವಿನಲ್ಲಿ ಇನ್ನೊಂದು ಮಾಡಿದ್ದರು. ಶನಿವಾರ ಒಂದು ಸುತ್ತು, ಭಾನುವಾರ ಬೆಳಿಗ್ಗೆ ಒಂದು ಸುತ್ತು, ಎರಡರ ಸಮಯ ಕೂಡಿಸುವುದು. ಆರೇ ರೇಸಿಗೆ ಅದು ನಿಂತಿತು. ನಮಗೆ ಅದರ ನೆನಪು ಸಿಹಿಯೇ. ಅದೇ ಮೆಲ್ಬರ್ನ್‌ನಲ್ಲಿ, ಅದೇ ಪದ್ಧತಿಯಲ್ಲಿ ನಮ್ಮ ನರೇನ್ ಕಾರ್ತಿಕೇಯನ್ ಜೋರ್ಡನ್ ಕಾರಿನಲ್ಲಿ ಮೊದಲ ಸಲ ಇಳಿದು 12ನೇ ಜಾಗ ಪಡೆದ. ಭಾರತದ ಚಾಲಕನೊಬ್ಬ ಫಾರ್ಮುಲಾ ಒನ್ ಗ್ರಿಡ್‌ನಲ್ಲಿ ನಿಂತದ್ದು ಅದೇ ಮೊದಲು. ನಾನು ಮಾರನೇ ದಿನ ಶಾಲೆಯಲ್ಲಿ ಕರಿಹಲಗೆ ಮೇಲೆ ಗ್ರಿಡ್ ಬರೆದು ಮಕ್ಕಳಿಗೆ ತೋರಿಸಿದ್ದೆ.

2006ರಿಂದ ಮೂರು ಭಾಗದ ಪದ್ಧತಿ. ಹತ್ತು ವರ್ಷ ಉಳಿದಿದೆ ಅಂದರೆ ಅದರಲ್ಲಿ ಏನೋ ಸರಿ ಇದೆ.


ಮಾನ್ವಿಹುಡುಗ
ಮಾರ್ಚ್ 22, 2016

ಸರ್ ಇದನ್ನು ಓದಿ ಹೆರೆಸ್ 1997 ವಿಡಿಯೋ ಹುಡುಕಿ ನೋಡಿದೆ. ನಂಬೋಕೆ ಆಗಲ್ಲ!


ಹೊಸಪೇಟೆಹುಡುಗಿ
ಮಾರ್ಚ್ 24, 2016

ಎರಡು ಸುದ್ದಿ. ಒಂದು, ಚಾಲಕರ ಸಂಘ ನಿನ್ನೆ ಬಹಿರಂಗ ಪತ್ರ ಬರೆದಿದೆ. ಬಟನ್, ವೆಟೆಲ್ ಸಹಿ ಹಾಕಿದ್ದಾರೆ. ನಿರ್ಧಾರ ತೆಗೆದುಕೊಳ್ಳುವ ರೀತಿಯೇ ಹಳತಾಗಿದೆ, ಸರಿಯಾಗಿಲ್ಲ ಅನ್ನುವುದು ಅವರ ಮಾತು. ಎರಡನೆಯದು, ಬಹರೇನ್‌ನಲ್ಲೂ ಇದೇ ನಿಯಮ ಮುಂದುವರಿಯುತ್ತದೆ. ಕೊಪ್ಪಳಗವಿ ಅವರೇ, ನಿಮ್ಮ ನಿರೀಕ್ಷೆ ಸುಳ್ಳಾಯಿತು, ನನ್ನದೂ.

ನಿನ್ನೆ ಚಿನ್ನಸ್ವಾಮಿ ಮ್ಯಾಚ್ ನೋಡಿದಿರಾ? ಬಾಂಗ್ಲಾದೇಶಕ್ಕೆ ಮೂರು ಚೆಂಡಿಗೆ ಎರಡು ರನ್ ಬೇಕಿತ್ತು. ಮೂರು ಚೆಂಡಿಗೆ ಮೂರು ವಿಕೆಟ್. ಧೋನಿ ಕೊನೆಯ ಚೆಂಡಿಗೆ ಮೊದಲೇ ಬಲಗೈ ಗ್ಲೌಸ್ ತೆಗೆದು ನಿಂತಿದ್ದ, ಓಡಿ ಬಂದು ಬೇಲ್ಸ್ ಹಾರಿಸಿದ. ಒಂದು ರನ್ನಿಂದ ಗೆದ್ದೆವು. ನಮ್ಮ ಓಣಿಯಲ್ಲಿ ಹೋಳಿ ಹಲಿಗೆ ಆಗಲೇ ಶುರುವಾಗಿಬಿಟ್ಟಿತು. ಆ ಮೂರು ಚೆಂಡನ್ನು ಯಾರಾದರೂ ಆಡಿಸದೆ ಬಿಟ್ಟಿದ್ದರೆ ಸಹಿಸಿಕೊಳ್ಳುತ್ತಿದ್ದೆವಾ? 90 ಸೆಕೆಂಡಿನ ಲೆಕ್ಕ ಕ್ಯೂ3ರಲ್ಲಿ ನಮ್ಮಿಂದ ಕಿತ್ತುಕೊಂಡಿದ್ದು ಆ ಮೂರು ಚೆಂಡನ್ನೇ.


ಗ್ಯಾರೇಜ್ಅಣ್ಣ
ಮಾರ್ಚ್ 24, 2016

ಬಹರೇನ್‌ನಲ್ಲೂ ಅದೇ ಆಗುತ್ತದೆ, ಈಗಲೇ ಬರೆದಿಡಿ. ಟೈರು ಬದಲಾಗಿಲ್ಲ, ಸೆಟ್ಟು ಬದಲಾಗಿಲ್ಲ, 90 ಸೆಕೆಂಡು ಬದಲಾಗಿಲ್ಲ. ಮತ್ತೆ ಫಲ ಹೇಗೆ ಬದಲಾಗುತ್ತದೆ?


ಸಿಂಧನೂರುವೇಗ
ಮಾರ್ಚ್ 25, 2016

ಒಂದು ಅವಕಾಶ ಕೊಡೋಣ ಅಣ್ಣ. ತಂಡಗಳು ಮೊದಲ ಸಲ ತಡಬಡಾಯಿಸಿದವು. ಈ ಸಲ ಪಾಠ ಕಲಿತು ಬರಬಹುದು.


ಬಳ್ಳಾರಿಕೋಟೆ
ಏಪ್ರಿಲ್ 2, 2016, ರಾತ್ರಿ

ಬಹರೇನ್ ಮುಗಿಯಿತು. ನಮ್ಮ ಕಾಲಮಾನದಲ್ಲಿ ರಾತ್ರಿ ಎಂಟೂವರೆಗೆ ಶುರುವಾಗಿದ್ದು. ಘಟಕ ಆಗಲೇ ಮುಚ್ಚಿತ್ತು, ಮನೆಯಲ್ಲಿ ನೋಡಿದೆ. ನಡುವೆ ಒಂದು ಸಲ ಕರೆಂಟ್ ಹೋಯಿತು. ಉಳಿದದ್ದನ್ನು ಮಾಳಿಗೆ ಮೇಲೆ ಕೂತು ಫೋನಿನಲ್ಲಿ ನೋಡಿದೆ. ಈ ಬಿಸಿಲಿಗೆ ರಾತ್ರಿ ಹೊತ್ತಲ್ಲೂ ಗಚ್ಚು ಕಾದೇ ಇತ್ತು.

ಹ್ಯಾಮಿಲ್ಟನ್ 1:29.493, ಆ ಟ್ರ್ಯಾಕಿಗೇ ದಾಖಲೆ. ರೋಸ್‌ಬರ್ಗ್ 1:29.570. ಇಬ್ಬರ ನಡುವೆ 0.077 ಸೆಕೆಂಡು. ಆ ಸುತ್ತು ನೋಡುವಾಗ ಕೂದಲು ನಿಗುರಿತು, ಸುಳ್ಳು ಹೇಳುವುದಿಲ್ಲ. ಆದರೆ ಅದಾದ ಮೇಲೆ ಮತ್ತೆ ಖಾಲಿ ರಸ್ತೆ. ಕ್ಯೂ2 ಕೊನೆಯಲ್ಲೂ ಅದೇ. 0.077 ಅಂತರ ಇರುವಾಗ ರೋಸ್‌ಬರ್ಗ್ ಇನ್ನೊಂದು ಸಲ ಬಂದು ಕಸಿದುಕೊಳ್ಳುತ್ತಿದ್ದನೋ ಏನೋ. ಅದನ್ನು ನೋಡುವ ಭಾಗ್ಯ ನಮಗೆ ಇಲ್ಲ.

ಸಂತೋಷದ ಮಾತು ಒಂದೇ. ಅಲೊನ್ಸೊ ಪಕ್ಕೆಲುಬಿನ ಪೆಟ್ಟಿನಿಂದ ಓಡುತ್ತಿಲ್ಲ, ಅವನ ಬದಲು ಬಂದ ವಾಂಡೂರ್ನ್ ಮೊದಲ ಸಲಕ್ಕೇ 12ನೇ ಸ್ಥಾನ. ಅದೇ ತಂಡದ ಬಟನ್‌ಗಿಂತ ಮುಂದೆ!


ಸಿಂಧನೂರುವೇಗ
ಏಪ್ರಿಲ್ 2, 2016, ರಾತ್ರಿ

ನೋಡಿದೆ. ನನ್ನ ಮಾತು ಹಿಂದೆ ತೆಗೆದುಕೊಳ್ಳುತ್ತೇನೆ. ಕ್ಯೂ1 ಶುರುವಿನ ಗಡಿಬಿಡಿ ನನಗೆ ಈಗಲೂ ಇಷ್ಟ. ಆದರೆ ಅದಕ್ಕೆ ತೆರುವ ಬೆಲೆ ಜಾಸ್ತಿಯಾಯಿತು. ಗ್ಯಾರೇಜ್ಅಣ್ಣ ಹೇಳಿದ ಹಾಗೇ ಆಯಿತು.


ಗ್ಯಾರೇಜ್ಅಣ್ಣ
ಏಪ್ರಿಲ್ 3, 2016

ಹಾಗೆ ಒಪ್ಪಿಕೊಳ್ಳುವುದು ದೊಡ್ಡ ಮನಸ್ಸು ತಮ್ಮಾ. ನಿನ್ನ ಕಡೆಯಿಂದ ಒಂದು ಮಾತು ನಾನೂ ಒಪ್ಪುತ್ತೇನೆ. ಟಿಕೆಟ್ ಕೊಟ್ಟು ಸ್ಟ್ಯಾಂಡಿನಲ್ಲಿ ಕೂತವನಿಗೆ ಮೊದಲ ನಿಮಿಷದಿಂದಲೇ ಕಾರು ಕಾಣಬೇಕು. ಶನಿವಾರಕ್ಕೇ ಅಂತ ಬೇರೆ ಎರಡು ಸೆಟ್ ಟೈರು ಕೊಟ್ಟುಬಿಡಲಿ. ಟೈರು ಉಳಿಸುವ ಚಿಂತೆ ಇಲ್ಲದಿದ್ದರೆ ಯಾವ ಚಾಲಕನೂ ಒಳಗೆ ಕೂರುವುದಿಲ್ಲ. ಓಡಿಸುವುದಕ್ಕೇ ಅಲ್ವಾ ಅವರು ಹುಟ್ಟಿರುವುದು.


ಕೊಪ್ಪಳಗವಿ
ಏಪ್ರಿಲ್ 4, 2016

ಈಗ ಎರಡು ಸುತ್ತಿನ ಸಮಯ ಕೂಡಿಸುವ ಪದ್ಧತಿ ತರುತ್ತಾರೆ ಅನ್ನುವ ಮಾತು ನಡೆದಿದೆ. ಮೇಷ್ಟ್ರು ಹೇಳಿದ 2005ರ ಕಥೆಯೇ ಮತ್ತೆ.


ಕುಷ್ಟಗಿಮೇಷ್ಟ್ರು
ಏಪ್ರಿಲ್ 4, 2016

ಬೇಡವೇ ಬೇಡ. ಟಿವಿ ಮುಂದೆ ಕೂತವನು ಕಾಗದ ಪೆನ್ನು ಹಿಡಿದು ಕೂಡಿಸುತ್ತಾ ಕೂರಬೇಕು. ಗಣಿತ ಕಲಿಸುವ ನನಗೇ ಅದು ಬೇಡ. ಗೆರೆ ದಾಟಿದ ಕ್ಷಣಕ್ಕೆ ಯಾರು ಮುಂದೆ ಅನ್ನುವುದು ಕಣ್ಣಿಗೆ ಕಾಣಬೇಕು.


ಶಕ್ತಿನಗರ
ಏಪ್ರಿಲ್ 7, 2016, ರಾತ್ರಿ

ಸುದ್ದಿ ಬಂತು! ಚೀನಾ ರೇಸಿನಿಂದ ಹಳೆಯ ಪದ್ಧತಿ ವಾಪಸ್! ತಂಡಗಳೆಲ್ಲ ಒಟ್ಟಾಗಿ ಪತ್ರ ಬರೆದು ಗಟ್ಟಿಯಾಗಿ ನಿಂತವು. 22 ಕಾರು ಇರುವುದರಿಂದ ಕ್ಯೂ1ರಲ್ಲಿ ಆರು, ಕ್ಯೂ2ರಲ್ಲಿ ಆರು, ಕ್ಯೂ3ಕ್ಕೆ ಹತ್ತು.

ನಾಳೆ ಯುಗಾದಿ. ಎಲ್ಲರಿಗೂ ಹಬ್ಬದ ಶುಭಾಶಯ. ಈ ವರ್ಷ ಬರ ಇದೆ, ಹೊಲದಲ್ಲಿ ಏನೂ ಇಲ್ಲ, ನಮ್ಮ ಮನೆಯಲ್ಲೂ ಹಬ್ಬ ಸಣ್ಣದೇ. ಆದರೂ ಈ ಸುದ್ದಿ ಓದಿ ಮನೆಯಾಕೆಗೆ ಹೋಳಿಗೆ ಮಾಡು ಅಂದೆ.


ಮಾನ್ವಿಹುಡುಗ
ಏಪ್ರಿಲ್ 7, 2016

ಎಲ್ಲರಿಗೂ ಯುಗಾದಿ ಶುಭಾಶಯ! ಚೀನಾ ಕ್ವಾಲಿಫೈಯಿಂಗ್ ನಮಗೆ ಎಷ್ಟು ಗಂಟೆಗೆ?


ಹೊಸಪೇಟೆಹುಡುಗಿ
ಏಪ್ರಿಲ್ 7, 2016

ಶನಿವಾರ 16ನೇ ತಾರೀಖು, ಮಧ್ಯಾಹ್ನ ಹನ್ನೆರಡೂವರೆಗೆ. ಊಟ ಮೊದಲೇ ಮುಗಿಸಿಕೋ.


ಬಳ್ಳಾರಿಕೋಟೆ
ಏಪ್ರಿಲ್ 16, 2016

ಇವತ್ತಿನದು ಬರೆಯಲೇಬೇಕು.

ಹ್ಯಾಮಿಲ್ಟನ್ ಕಾರು ಕೆಟ್ಟು ಕ್ಯೂ1ರಲ್ಲಿ ಸಮಯವನ್ನೇ ಹಾಕಲಿಲ್ಲ. ನಾಳೆ ಅವನು ಎಲ್ಲರಿಗಿಂತ ಹಿಂದೆ. ಹೊಸ ನಿಯಮ ಯಾವುದೂ ಇಲ್ಲದೆ ಗ್ರಿಡ್ ತಲೆಕೆಳಗಾಯಿತು. ಕ್ಯೂ2ರಲ್ಲಿ ಹಲ್ಕೆನ್‌ಬರ್ಗ್ ಕಾರಿನ ಗಾಲಿಯೇ ಕಳಚಿಕೊಂಡಿತು.

ಕ್ಯೂ3ರ ಕೊನೆಯ ಎರಡು ನಿಮಿಷ ಬಂತು. ನಾನು ಏನೂ ಹೇಳಲಿಲ್ಲ. ಮೊದಲು ಮೂಲೆಯ ಮಿಷಿನ್ ನಿಂತಿತು, ಆಮೇಲೆ ಅದರ ಪಕ್ಕದ್ದು, ಆಮೇಲೆ ಎಲ್ಲವೂ. ಫ್ಯಾನ್ ಸದ್ದು ಮಾತ್ರ. ಬಟನ್‌ಹೋಲ್ ಹುಡುಗ ಕೈಯಲ್ಲಿದ್ದ ಪ್ಯಾಂಟನ್ನು ಹಾಗೇ ಹಿಡಿದು ಎದ್ದು ಬಂದು ಟಿವಿ ಕೆಳಗೆ ನಿಂತ. ರೋಸ್‌ಬರ್ಗ್ 1:35.402. ಬಾವುಟ ಬಿತ್ತು. ಬಾವುಟ ಬಿದ್ದ ಮೇಲೂ ಕಾರು ಬರುತ್ತಲೇ ಇದ್ದವು. ರೆಡ್ ಬುಲ್‌ನ ರಿಕಾರ್ಡೊ ಎರಡೂ ಫೆರಾರಿಗಳನ್ನು ಕೆಳಗೆ ತಳ್ಳಿ ಎರಡನೇ ಸ್ಥಾನಕ್ಕೆ ಹಾರಿದ. ಹುಡುಗ ಪ್ಯಾಂಟನ್ನು ಮೇಲಕ್ಕೆ ಎಸೆದ. ಅದು ಫ್ಯಾನಿಗೆ ಸಿಕ್ಕಿಕೊಳ್ಳುವುದು ಸ್ವಲ್ಪದರಲ್ಲಿ ತಪ್ಪಿತು.

ಈಗ ಎಲ್ಲರೂ ಮತ್ತೆ ಕೆಲಸಕ್ಕೆ ಕೂತಿದ್ದಾರೆ. ಸಂಜೆಯೊಳಗೆ ಎರಡು ನೂರು ಪೀಸ್ ಹೋಗಬೇಕು.